ಮುದ್ದೆ ಇಳಿಯದ ದಿನಗಳು

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟು ನುಂಗುವುದೇ ಕ್ರಮ. ಅಗಿಯುವವರನ್ನು ಕಂಡರೆ ಹಿರಿಯರು ಮುಸಿಮುಸಿ ನಗುತ್ತಾರೆ. ಕುಣಿಗಲ್ ತಾಲ್ಲೂಕಿನ ಹಳ್ಳಿಯೊಂದರಿಂದ ಹರೆಯದಲ್ಲೇ ಬೆಂಗಳೂರಿಗೆ ಬಂದು, ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಸ್ವಯಂ ನಿವೃತ್ತಿ ಪಡೆದು, ಈಗ ನಾಗರಬಾವಿಯ ಮನೆಯಲ್ಲಿ ನಮ್ಮೊಡನೆ ಇರುವ ಅಪ್ಪನಿಗೆ 67 ವರ್ಷ. ಅವರು ಮುದ್ದೆ ಉಣ್ಣದೆ ಕಳೆದ ಮಧ್ಯಾಹ್ನಗಳನ್ನು ಬೆರಳು ಮಡಚಿ ಎಣಿಸಬಹುದಿತ್ತು. ಈ ಜನವರಿಯಲ್ಲಿ, ಸೊಗಡಿನ ಅವರೆಕಾಯಿ ಬೀದಿಬೀದಿಯಲ್ಲಿ ರಾಶಿ ಬಿದ್ದಿದ್ದ ಕಾಲದಲ್ಲಿ, ಹಿತಕಿದ ಅವರೆಬೇಳೆ ಸಾರಿನ ಮುಂದೆ ಕುಳಿತವರು ಎರಡನೆಯ ತುತ್ತಿಗೆ ಕೈ ತಡೆದು, ಎದೆಗೂಡಿನ ನಡುವೆ ಬೆರಳಿಟ್ಟು, “ಇಲ್ಲಿ ನಿಂತ್ಕೊಂಡೈತೆ” ಎಂದರು. ಒಂದು ಲೋಟ ನೀರು ಕುಡಿದರು. ಆ ನೀರೂ ಸ್ವಲ್ಪ ಹೊತ್ತು ನಿಂತು ಆಮೇಲೆ ಇಳಿಯಿತು.

ಬೆಂಗಳೂರಿನಲ್ಲಿ ಎದೆಯಿಂದ ಹೊಕ್ಕುಳಿನವರೆಗೆ ಏನೇ ಆದರೂ ಅದಕ್ಕೆ ಇರುವುದು ಒಂದೇ ಹೆಸರು, ಗ್ಯಾಸ್ಟ್ರಿಕ್. ಬಡಾವಣೆಯ ಕ್ಲಿನಿಕ್ಕಿನಲ್ಲಿಯೂ ಹಾಗೆಯೇ ಹೇಳಿ, ಬೆಳಿಗ್ಗೆ ಬರಿಹೊಟ್ಟೆಗೆ ನುಂಗುವ ಮಾತ್ರೆಯನ್ನು ಬರೆದುಕೊಟ್ಟರು. ಮಾತ್ರೆ ಮುಗಿದಾಗ ಮತ್ತೆ ಕೇಳಲು ಹೋಗದೆ ಔಷಧದ ಅಂಗಡಿಯಿಂದ ಇನ್ನೆರಡು ಪಟ್ಟಿ ತಂದುಕೊಟ್ಟವಳು ನಾನೇ, ಆದ್ದರಿಂದ ಆ ವೈದ್ಯರನ್ನು ಮಾತ್ರ ದೂರುವ ಹಕ್ಕು ನನಗಿಲ್ಲ. ಫೆಬ್ರವರಿಯಲ್ಲಿ ಚಪಾತಿ ನಿಂತಿತು, ಮಾರ್ಚಿನಲ್ಲಿ ಅನ್ನ ನಿಂತಿತು. ಅನ್ನನಾಳ ಹಿಗ್ಗುವ ಗುಣವುಳ್ಳ ಕೊಳವೆಯಾದ್ದರಿಂದ, ತುತ್ತು ಸಿಕ್ಕಿಕೊಳ್ಳುವ ಅನುಭವ ಬರುವ ವೇಳೆಗೆ ಅದರ ದಾರಿ ಸಾಕಷ್ಟು ಕಿರಿದಾಗಿರುತ್ತದೆ ಎಂಬುದನ್ನು ನಾನು ತಿಳಿದದ್ದು ಏಪ್ರಿಲ್‌ನಲ್ಲಿ. ಘನ ಆಹಾರ ನುಂಗಲು ಎರಡು ಮೂರು ವಾರ ತೊಡಕಾದರೆ ಮಾತ್ರೆಯಲ್ಲಿ ದಿನ ಕಳೆಯದೆ ಎಂಡೋಸ್ಕೋಪಿ ಮಾಡಿಸಬೇಕು. ಈಗ ಕಂಡಕಂಡವರಿಗೆಲ್ಲ ಇದನ್ನು ಹೇಳುತ್ತಿದ್ದೇನೆ. ಮದುವೆ ಮನೆಯ ಪಂಕ್ತಿಯಲ್ಲಿಯೂ ಹೇಳಿ ಅಮ್ಮನಿಂದ ಬೈಸಿಕೊಂಡಿದ್ದೇನೆ.

ಎಂಡೋಸ್ಕೋಪಿ ವರದಿಯಲ್ಲಿ ಗಡ್ಡೆಯ ಜಾಗವನ್ನು ಮುಂಬಲ್ಲಿನಿಂದ ಅಳೆದು ಬರೆಯುತ್ತಾರೆ. ಅಪ್ಪನದು 27ರಿಂದ 32 ಸೆಂಟಿಮೀಟರ್. ಅನ್ನನಾಳದ ಉದ್ದವೇ ಸುಮಾರು 25 ಸೆಂಟಿಮೀಟರ್, ಅದು ಆರಂಭವಾಗುವುದು ಹಲ್ಲಿನಿಂದ ಸುಮಾರು 15 ಸೆಂಟಿಮೀಟರ್ ಕೆಳಗೆ. ಹಾಗಾಗಿ ಅದು ಎದೆಯ ನಡುಭಾಗ. ಬಯಾಪ್ಸಿಯ ಉತ್ತರ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, ಅಂದರೆ ಅನ್ನನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಎಂದು ಬಂತು. ಪುಣೆಯಲ್ಲಿರುವ ತಮ್ಮ ಫೋನಿನಲ್ಲಿ ಮೊದಲು ಹೇಳಿದ ಮಾತು, “ಅಪ್ಪಂಗೆ ಹೇಳ್ಬೇಡ ಅಕ್ಕ, ಕುಗ್ಗಿಹೋಗ್ತಾರೆ” ಎಂಬುದು. ನಾನೂ ಒಪ್ಪಿದೆ. ಅಮ್ಮನಿಗೆ ಹುಣ್ಣು ಎಂದು ಹೇಳಿದೆ, ಅಪ್ಪನಿಗೆ ಗಡ್ಡೆ ಎಂದು ಹೇಳಿದೆ, ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುವವರು ಎಂಬುದು ಆ ಗಾಬರಿಯಲ್ಲಿ ನನಗೆ ಹೊಳೆಯಲೇ ಇಲ್ಲ.

ಎರಡನೆಯ ಅಭಿಪ್ರಾಯಕ್ಕಾಗಿ ಕಿದ್ವಾಯಿಗೆ ಹೋಗೋಣ ಎಂದು ಬಂಧುಗಳೊಬ್ಬರು ಅಪ್ಪನ ಎದುರಿಗೇ ಬಾಯಿಬಿಟ್ಟಾಗ ಗುಟ್ಟು ಮುಗಿಯಿತು. 1973ರಿಂದ ಇರುವ ಆ ಸಂಸ್ಥೆಯ ಹೆಸರು ನಮ್ಮ ಜನರ ಬಾಯಲ್ಲಿ ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. “ಅವರನ್ನು ಕಿದ್ವಾಯಿಗೆ ತೋರಿಸ್ತಾ ಇದಾರಂತೆ” ಎಂದರೆ ಮುಂದಿನದನ್ನು ಯಾರೂ ಕೇಳುವುದಿಲ್ಲ. ಅಪ್ಪ ಸುಮ್ಮನಿದ್ದರು. ಆ ರಾತ್ರಿ ನನ್ನನ್ನು ಕರೆದು, ವರದಿಯನ್ನು ಕೈಗೆ ತೆಗೆದುಕೊಂಡು, ಮೇಜಿನ ಸೆಳೆಖಾನೆಯಿಂದ ಸ್ಟೀಲ್ ಅಳತೆಪಟ್ಟಿಯನ್ನು ತಂದು ತಮ್ಮ ಎದೆಯ ಮೇಲಿಟ್ಟುಕೊಂಡು, “ಇಪ್ಪತ್ತೇಳು ಅಂದ್ರೆ ಎಲ್ಲಿಗೆ ಬರ್ತದೆ, ತೋರಿಸು” ಎಂದರು. ನಾನು ತೋರಿಸಿದೆ. “ಕ್ಯಾನ್ಸರಾ?” ಎಂದು ಕೇಳಿದರು. ಹೌದು ಎಂದೆ. “ಅರ್ಧ ಮಿಲಿಮೀಟರ್ ತಪ್ಪಿದ್ರೆ ಗಡಿಯಾರ ನಡೆಯಾಕಿಲ್ಲ ಕಣವ್ವ. ನೀನು ಸೆಂಟಿಮೀಟರ್‌ಗಟ್ಲೆ ಮುಚ್ಚಿಟ್ಟಿದ್ದೀಯ” ಎಂದು ಹೇಳಿ, ಇನ್ನು ಮುಂದೆ ಡಾಕ್ಟರು ಏನೇ ಹೇಳುವುದಿದ್ದರೂ ಮೊದಲು ತಮಗೇ ಹೇಳಬೇಕು, ನಾನು ಪಕ್ಕದಲ್ಲಿ ಕುಳಿತು ಬರೆದುಕೊಂಡರೆ ಸಾಕು ಎಂದು ತೀರ್ಮಾನ ಕೊಟ್ಟರು. ಆವತ್ತಿನಿಂದ ನನ್ನ ಕೆಲಸ ಹಗುರವಾಯಿತು. ರೋಗಿಯಿಂದ ರೋಗವನ್ನು ಬಚ್ಚಿಡುವುದರಲ್ಲಿ ಮನೆಯವರ ಅರ್ಧ ಶಕ್ತಿ ಹೋಗುತ್ತದೆ. ಉಳಿದರ್ಧದಲ್ಲಿ ಆಸ್ಪತ್ರೆ ಸುತ್ತಬೇಕು.

ಕಾರಣ ಹುಡುಕುವ ಕೆಲಸವನ್ನು ನೆಂಟರು ವಹಿಸಿಕೊಂಡರು. ಅಪ್ಪ ಮೂವತ್ತು ವರ್ಷ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿದವರು. ಹೊಗೆಸೊಪ್ಪು ಇರಲಿ, ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲವು ಎಂದು ಅದೇ ವಿಭಾಗ 2016ರಲ್ಲಿ ಹೇಳಿದೆ. ಈ ಎರಡನೆಯದನ್ನು ಯಾರೋ ಅಮ್ಮನ ಕಿವಿಗೆ ಹಾಕಿದರು. ಒಲೆಯ ಮೇಲಿಂದ ಇಳಿಸಿದ ಕಾಫಿಯನ್ನು ಆರಲು ಬಿಡದೆ ಕೊಟ್ಟದ್ದು ತಾನೇ ಎಂದು ಅವಳು ಒಂದು ವಾರ ಅತ್ತಳು. ಇಂಥ ಮಾಹಿತಿಯನ್ನು ಆರೋಗ್ಯವಾಗಿರುವವರಿಗೆ ಹೇಳಬೇಕು. ಚಿಕಿತ್ಸೆ ನಡೆಯುತ್ತಿರುವ ಮನೆಯ ಅಡುಗೆಮನೆಗೆ ತರಬಾರದು.

ಟ್ಯೂಮರ್ ಬೋರ್ಡ್ ಎಂದು ಕರೆಯುವ ಸಭೆಯಲ್ಲಿ ಶಸ್ತ್ರವೈದ್ಯರು, ವಿಕಿರಣ ತಜ್ಞರು, ಕೀಮೋ ಕೊಡುವ ವೈದ್ಯರು ಒಟ್ಟಿಗೆ ಕುಳಿತು ದಾರಿ ಗೊತ್ತುಮಾಡಿದರು. ಮೊದಲು 23 ದಿನ ವಿಕಿರಣ, ವಿಕಿರಣವನ್ನು ಅಳೆಯುವ ಮಾನದಲ್ಲಿ ಒಟ್ಟು 41.4 ಗ್ರೇ, ಅದರ ಜೊತೆಗೇ ವಾರಕ್ಕೊಂದರಂತೆ ಐದು ಬಾರಿ ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್, ಆಮೇಲೆ ದೇಹ ಚೇತರಿಸಿಕೊಳ್ಳಲು ಕೆಲವು ವಾರ ಬಿಟ್ಟು ಶಸ್ತ್ರಚಿಕಿತ್ಸೆ. ಈ ಕ್ರಮಕ್ಕೆ ಆಧಾರ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ. ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋದವರಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ 24 ತಿಂಗಳಾದರೆ, ಮೊದಲು ಕೀಮೋ ಮತ್ತು ವಿಕಿರಣ ಪಡೆದವರಲ್ಲಿ ಅದು ಸುಮಾರು 49 ತಿಂಗಳಿಗೆ ಏರಿತ್ತು. ಈ ಸಂಖ್ಯೆಗಳನ್ನು ನಾನು ಒಂದು ರಾತ್ರಿ ಓದಿ, ಲ್ಯಾಪ್‌ಟಾಪ್ ಮುಚ್ಚಿ, ಬೆಳಗಿನವರೆಗೆ ನಿದ್ದೆಯಿಲ್ಲದೆ ಬಿದ್ದುಕೊಂಡಿದ್ದೆ. ಅಪ್ಪನಿಗೆ ಹೇಳಿದಾಗ ಅವರು ದುಪ್ಪಟ್ಟು ಎಂಬುದನ್ನು ಮಾತ್ರ ಹಿಡಿದುಕೊಂಡರು.

ಮೇ ತಿಂಗಳ ಎರಡನೆಯ ವಾರದಿಂದ ಶನಿವಾರ ಭಾನುವಾರ ಬಿಟ್ಟು ದಿನವೂ ಆಸ್ಪತ್ರೆ. ವಿಕಿರಣಕ್ಕೆ ನಮ್ಮ ಜನ ಕೊಟ್ಟಿರುವ ಹೆಸರು ಕರೆಂಟ್. ನೆಲಮಾಳಿಗೆಯ ಉದ್ದನೆಯ ಬೆಂಚಿನ ಮೇಲೆ ಕುಳಿತವರು ಒಬ್ಬರನ್ನೊಬ್ಬರು ಊರು ಕೇಳುವ ಮೊದಲೇ “ನಿಮ್ಮದು ಎಷ್ಟನೇ ಕರೆಂಟು?” ಎಂದು ಕೇಳುತ್ತಾರೆ. ಹದಿನೇಳನೆಯದಕ್ಕೆ ಬಂದವರು ಮೂರನೆಯದಕ್ಕೆ ಬಂದವರಿಗೆ ಧೈರ್ಯ ಹೇಳುತ್ತಾರೆ. ಯಂತ್ರದ ಕೆಳಗೆ ಮಲಗಿರುವುದು ಕೆಲವೇ ನಿಮಿಷ, ನೋವು ಏನೂ ಆಗುವುದಿಲ್ಲ. ಎದೆಯ ಮೇಲೆ ಹಾಕಿದ ಗುರುತುಗಳು ಅಳಿಸದಂತೆ ಸ್ನಾನ ಮಾಡಬೇಕು ಎಂಬುದೇ ದೊಡ್ಡ ಕಷ್ಟ. ಗೌನು ಹಾಕಿಕೊಳ್ಳುವ ಮೊದಲು ಅಪ್ಪ ತಮ್ಮ ಹಳೆಯ ಕೈಗಡಿಯಾರವನ್ನು ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದರು. ದಿನವೂ ಕೀಲಿ ಕೊಡಬೇಕಾದ, ಅವರೇ ಜೋಡಿಸಿದ ಸಾಲಿನಿಂದ ಬಂದ ಗಡಿಯಾರ ಅದು. ಚರ್ಮದ ಪಟ್ಟಿಯಲ್ಲಿ ಕಾರ್ಖಾನೆಯವರು ಕೊರೆದ ತೂತುಗಳು ಮುಗಿದ ಮೇಲೆ, ಕಾಸಿದ ದಬ್ಬಳದಿಂದ ಅವರೇ ಚುಚ್ಚಿಕೊಂಡ ಮೂರು ತೂತುಗಳಿದ್ದವು. ಅವುಗಳ ಅಂಚು ಸುಟ್ಟು ಕಪ್ಪಾಗಿತ್ತು. 64 ಕಿಲೋ ಇದ್ದವರು ಆ ಮೂರನೆಯ ತೂತಿನ ಹೊತ್ತಿಗೆ 53ಕ್ಕೆ ಇಳಿದಿದ್ದರು. ತೂಕದ ಯಂತ್ರದ ಸಂಖ್ಯೆಯನ್ನು ಪ್ರತಿ ವಾರ ಬರೆದುಕೊಳ್ಳುತ್ತಿದ್ದ ನನಗೆ ಆ ಸುಟ್ಟ ಅಂಚನ್ನು ನೋಡಿದಾಗಲೇ ಹನ್ನೊಂದು ಕಿಲೋ ಎಂದರೆ ಎಷ್ಟು ಎಂಬುದು ತಿಳಿದದ್ದು.

ಮೂರನೆಯ ವಾರಕ್ಕೆ ವಿಕಿರಣದಿಂದ ಅನ್ನನಾಳದ ಒಳಪದರ ಉರಿಯೂತಕ್ಕೆ ಒಳಗಾಗಿ ನೀರು ನುಂಗಿದರೂ ಕೆಂಡ ನುಂಗಿದಂತಾಗತೊಡಗಿತು. ಮೂಗಿನ ಮೂಲಕ ಹೊಟ್ಟೆಗೆ ತೆಳುವಾದ ಕೊಳವೆ ಇಳಿಸಿದರು. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಪಥ್ಯ ತಜ್ಞೆ ಲೆಕ್ಕ ಹಾಕಿ ಕೊಟ್ಟರು: ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 30 ಕ್ಯಾಲೊರಿ, ಪ್ರೋಟೀನ್ 1.2ರಿಂದ 1.5 ಗ್ರಾಂ. ಅಷ್ಟನ್ನು ಎರಡು ಗಂಟೆಗೊಮ್ಮೆ 200 ಮಿಲಿಲೀಟರಿನಂತೆ ಇಳಿಸಬೇಕು. ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಬೇಕು, ಮೂಗಿನ ಬಳಿ ಕೊಳವೆಯ ಮೇಲಿರುವ ಗುರುತು ಜರುಗಿದೆಯೇ ಎಂದು ಮೊದಲು ನೋಡಬೇಕು, ಸಿರಿಂಜಿನ ದಂಡವನ್ನು ತೆಗೆದಿಟ್ಟು ಕೊಳವೆಗೆ ಸಿಕ್ಕಿಸಿ ಎತ್ತರಕ್ಕೆ ಹಿಡಿದು ಸುರಿಯಬೇಕು. ಒತ್ತಬಾರದು, ತಾನಾಗಿ ಇಳಿಯಲು ಬಿಡಬೇಕು. ಕೊನೆಗೆ ನೀರು ಹಾಕಿ ಕೊಳವೆ ತೊಳೆಯಬೇಕು, ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗಿಸಬಾರದು. ಮೊದಲ ದಿನ ನನ್ನ ಕೈ ನಡುಗಿ ಅರ್ಧ ಲೋಟ ಅವರ ಅಂಗಿಯ ಮೇಲೆಯೇ ಚೆಲ್ಲಿತು.

ಆ ಕೊಳವೆಯಲ್ಲಿ ಏನು ಇಳಿಸುವುದು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡವಳು ಅಮ್ಮ. ಅಂಗಡಿಯ ಪುಡಿಯ ಡಬ್ಬಿಯೂ ಇತ್ತು, ಆದರೆ ಅದೊಂದನ್ನೇ ನಂಬಲು ಅವಳ ಮನಸ್ಸು ಒಪ್ಪಲಿಲ್ಲ. ರಾಗಿಹಿಟ್ಟಿನ ಗಂಜಿ ಮಾಡಿದರೆ ಆರುತ್ತಿದ್ದಂತೆ ಗಟ್ಟಿಯಾಗಿ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತಿತ್ತು. ನೀರು ಹೆಚ್ಚಿಸಿದರೆ ಹೊಟ್ಟೆಗೆ ಹೋಗುವ ಹಿಟ್ಟು ಕಡಿಮೆಯಾಗುತ್ತಿತ್ತು. ಆಗ ಅವಳಿಗೆ ನಮ್ಮಿಬ್ಬರಿಗೂ ಹಸುಳೆಗಳಾಗಿದ್ದಾಗ ತಿನ್ನಿಸಿದ್ದ ರಾಗಿ ಸರಿ ನೆನಪಾಯಿತು. ರಾಗಿಯನ್ನು ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ಹಳೆಯ ಮಲ್ಲು ಪಂಚೆಯ ತುಂಡಿನಲ್ಲಿ ಸೋಸಿದಳು. ಮೊಳಕೆ ಬಂದಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಈ ಹಿಟ್ಟಿನ ಗಂಜಿ ಗಟ್ಟಿಯಾಗುವುದಿಲ್ಲ. ಹೆಚ್ಚು ಹಿಟ್ಟು ಹಾಕಿದರೂ ತೆಳ್ಳಗೇ ಇರುತ್ತದೆ. ಪಥ್ಯ ತಜ್ಞೆ ಅದನ್ನು ಒಪ್ಪಿ, ಹಾಲು, ಪ್ರೋಟೀನ್ ಪುಡಿ, ಒಂದು ಚಮಚ ಎಣ್ಣೆ ಸೇರಿಸಲು ಹೇಳಿದರು. ಮುದ್ದೆಯಾಗಿ ಗಂಟಲಲ್ಲಿ ಇಳಿಯದ ರಾಗಿ ಹೀಗೆ ಮೂಗಿನ ದಾರಿ ಹಿಡಿದು ಅಪ್ಪನ ಹೊಟ್ಟೆ ಸೇರಿತು. ಪ್ರತಿ ಸಲ ಎಷ್ಟು ಗಂಟೆಗೆ ಎಷ್ಟು ಇಳಿಯಿತು ಎಂಬುದನ್ನು ಅಪ್ಪ ಒಂದು ಬೈಂಡು ಪುಸ್ತಕದಲ್ಲಿ, ಗಡಿಯಾರ ನೋಡಿ, ತಾವೇ ಬರೆದರು. ನಾನು ಐದು ನಿಮಿಷ ತಡಮಾಡಿದರೆ ಅದೂ ದಾಖಲಾಗುತ್ತಿತ್ತು.

ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಅವರೇ ಕೊಳವೆಯನ್ನು ಎಳೆದುಹಾಕಿಬಿಟ್ಟರು. ಎರಡು ಗಂಟೆಗೆ ಖಾಲಿ ಹೊರವರ್ತುಲ ರಸ್ತೆಯಲ್ಲಿ ಆಸ್ಪತ್ರೆಗೆ ಹೋದೆವು. ಹೊಸದನ್ನು ಹಾಕಿ, ಎಕ್ಸ್‌ರೇ ತೆಗೆದು, ತುದಿ ಹೊಟ್ಟೆಯಲ್ಲೇ ಇದೆ ಎಂದು ಖಚಿತವಾಗುವವರೆಗೆ ಒಂದು ಹನಿ ನೀರನ್ನೂ ಬಿಡಲಿಲ್ಲ. ತುದಿ ಶ್ವಾಸಕೋಶದ ಕಡೆಗೆ ತಿರುಗಿದ್ದರೆ ಜೀವಕ್ಕೇ ಅಪಾಯ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಇಷ್ಟೇ ತುರ್ತು ಎಂದು ನರ್ಸ್ ಅಂದೇ ಮತ್ತೊಮ್ಮೆ ನೆನಪಿಸಿದರು. ಬಿಳಿ ರಕ್ತಕಣಗಳು ಕಡಿಮೆ ಇರುವಾಗ ಸೋಂಕು ಕಾಯುವುದಿಲ್ಲ. ಬೆಳಗಾಗಲಿ ಎಂದು ಮನೆಯಲ್ಲಿ ಕೂರಬಾರದು.

ಎಲ್ಲಕ್ಕಿಂತ ಕಷ್ಟವಾದದ್ದು ನಮ್ಮ ಊಟ. ನಮ್ಮಲ್ಲಿ ಯಾರು ಯಾರನ್ನು ಕಂಡರೂ ಮೊದಲು ಕೇಳುವುದು “ಊಟ ಆಯ್ತಾ?” ಎಂದು. ಅಪ್ಪನನ್ನು ನೋಡಲು ಬಂದವರು ಅಭ್ಯಾಸಬಲದಿಂದ ಹಾಗೆಯೇ ಕೇಳಿ, ಮೂಗಿನ ಕೊಳವೆ ಕಂಡು, ನಾಲಿಗೆ ಕಚ್ಚಿಕೊಂಡು ಚಪ್ಪಲಿ ನೋಡುತ್ತಾ ನಿಲ್ಲುತ್ತಿದ್ದರು. ಬರಿಗೈಯಲ್ಲಿ ಬರಬಾರದೆಂದು ಸೇಬು, ದಾಳಿಂಬೆ ತರುತ್ತಿದ್ದರು. ಲಕ್ಷ್ಮಣ ಫಲದ ರಸ ಕುಡಿಸಿದರೆ ಕೀಮೋ ಬೇಕಾಗುವುದಿಲ್ಲ ಎಂಬ ಸಲಹೆಯಂತೂ ನಾಲ್ಕು ಮನೆಗಳಿಂದ ಬಂತು. ಮನುಷ್ಯರಲ್ಲಿ ಅದು ಕ್ಯಾನ್ಸರ್ ಗುಣಪಡಿಸಿದ್ದಕ್ಕೆ ಪುರಾವೆ ಇಲ್ಲ ಎಂದು ನಾಲ್ಕು ಮನೆಗಳಿಗೂ ಹೇಳಿ ನಿಷ್ಠುರಳಾದೆ. ಇತ್ತ ಅಮ್ಮ ಮನೆಯಲ್ಲಿ ಮುದ್ದೆ ತೊಳಸುವುದನ್ನೇ ನಿಲ್ಲಿಸಿದ್ದಳು. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚುತ್ತಿದ್ದಳು. ನಾವಿಬ್ಬರೂ ಅಪ್ಪ ಮಲಗಿರುವ ಹೊತ್ತು ನೋಡಿ, ಕಟ್ಟೆಯ ಬಳಿ ನಿಂತು, ಮೊಸರನ್ನವನ್ನು ಕಳ್ಳರಂತೆ ತಿನ್ನುತ್ತಿದ್ದೆವು. ಮೂರು ವಾರ ಹೀಗೆ ನಡೆದ ಮೇಲೆ ಒಂದು ಮಧ್ಯಾಹ್ನ ಅಪ್ಪ ಕೊಳವೆಯನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಬಂದು ನಿಂತರು. “ಈ ಮನೇಲಿ ಯಾರಾದ್ರೂ ಸತ್ತವರಾ? ಒಲೆ ಹತ್ತಿಸಿ. ವಾಸನೆಯಾದ್ರೂ ಬರ್ಲಿ” ಎಂದರು. ಅಂದು ಅಮ್ಮ ಬಸ್ಸಾರು ಮಾಡಿ ಮುದ್ದೆ ಕಟ್ಟಿದಳು. ಅಪ್ಪ ತಮ್ಮ ಜಾಗದಲ್ಲಿಯೇ ಕುಳಿತರು, ನಾನು ಅವರ ಸಿರಿಂಜು ಹಿಡಿದು ಎಡಗೈ ಎತ್ತಿಕೊಂಡು ಬಲಗೈಯಲ್ಲಿ ತುತ್ತು ಮುರಿದೆ. ನಾನು ನುಂಗುವುದನ್ನು ಅವರು ಕಣ್ಣು ಮಿಟುಕಿಸದೆ ನೋಡಿದರು. ನನಗೆ ಇಳಿಯಲಿಲ್ಲ, ಆದರೂ ನುಂಗಿದೆ. ಆವತ್ತಿನಿಂದ ನಾವು ಒಟ್ಟಿಗೇ ಉಣ್ಣುತ್ತಿದ್ದೇವೆ.

ಹಣದ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ನಮ್ಮದು ಎಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಉಳಿದದ್ದಕ್ಕೆ ನನ್ನ ಕಚೇರಿಯ ವಿಮೆ. ವಿಮಾ ಕಂಪನಿಯವರು ಅದೇ ಬಯಾಪ್ಸಿ ವರದಿಯನ್ನು ನನ್ನಿಂದ ಐದು ಬಾರಿ ತರಿಸಿಕೊಂಡರು. ಮೂಲ ಪ್ರತಿಗಳನ್ನು ಒಂದು ಕಡತದಲ್ಲಿ, ನಕಲುಗಳನ್ನು ಇನ್ನೊಂದರಲ್ಲಿ, ದಿನಾಂಕದ ಕ್ರಮದಲ್ಲಿ ಇಟ್ಟುಕೊಂಡವರು ಬದುಕಿಕೊಳ್ಳುತ್ತಾರೆ.

ಜೂನ್ ಮಧ್ಯದಲ್ಲಿ 23ನೆಯ ಕರೆಂಟ್ ಮುಗಿಯಿತು. ಜುಲೈ ಹೊತ್ತಿಗೆ ಉರಿ ತಗ್ಗಿ, ಗಡ್ಡೆಯೂ ಕುಗ್ಗಿ, ಕೊಳವೆ ತೆಗೆದರು. ಮೊದಲು ಮಜ್ಜಿಗೆ, ಆಮೇಲೆ ಹಾಲಿನಲ್ಲಿ ನೆನೆಸಿದ ಇಡ್ಲಿ, ಆಮೇಲೆ ಮೆತ್ತಗಿನ ಪೊಂಗಲ್. ಕೀಮೋದಿಂದ ಬೆರಳತುದಿ ಜೋಮು ಹಿಡಿದಿರುವುದರಿಂದ ಅಂಗಿಯ ಗುಂಡಿ ಹಾಕಿಕೊಳ್ಳುವುದು ಇನ್ನೂ ಕಷ್ಟವೇ. ಗಡಿಯಾರಕ್ಕೆ ಕೀಲಿ ಕೊಡುವಾಗ ಪುಟ್ಟ ತಿರುಗಣೆ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ತಿಳಿಯದೆ ಕಣ್ಣಿನ ಹತ್ತಿರ ಹಿಡಿದು ನೋಡಿಕೊಂಡು ತಿರುಗಿಸುತ್ತಾರೆ. ನಾನು ಕೊಡುತ್ತೇನೆ ಎಂದು ಎರಡು ಸಲ ಕೈ ಚಾಚಿದೆ, ಮೂರನೆಯ ಸಲ ಚಾಚಲಿಲ್ಲ. ಈ ಆರು ತಿಂಗಳಲ್ಲಿ ಅವರ ಮೈಯಲ್ಲಿ ಬೇರೆಯವರ ಕೈ ಸೇರದ ಕೆಲಸ ಅಂತ ಉಳಿದಿರುವುದು ಅದೊಂದೇ.

ತುತ್ತು ಇಳಿಯತೊಡಗಿದ ಮೇಲೆ ಹೊಸ ತೊಡಕು ಹುಟ್ಟಿತು. “ಇಳೀತಾ ಐತಲ್ಲ, ಇನ್ನು ಕುಯ್ಯೋದು ಯಾಕೆ?” ಎಂದು ಅಪ್ಪ ಕೇಳಿದರು. ಮೂರ್ಖ ಪ್ರಶ್ನೆ ಏನೂ ಅಲ್ಲ. ಅದೇ ಡಚ್ ಅಧ್ಯಯನದಲ್ಲಿ ಸ್ಕ್ವೇಮಸ್ ಬಗೆಯ ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಜನರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗವನ್ನು ಪರೀಕ್ಷಿಸಿದಾಗ ಜೀವಂತ ಕ್ಯಾನ್ಸರ್ ಕೋಶಗಳೇ ಕಂಡಿರಲಿಲ್ಲ. ಆದರೆ ಆ ಅರ್ಧದಲ್ಲಿ ತಾವು ಇದ್ದೇವೆಯೇ ಎಂಬುದು ತಿಳಿಯುವುದು ತೆಗೆದು ನೋಡಿದ ಮೇಲೆ. ಕೋಶಗಳು ಚುರುಕಾಗಿರುವ ಜಾಗ ಪೆಟ್ ಸ್ಕ್ಯಾನಿನಲ್ಲಿ ಹೊಳೆದು ಕಾಣುತ್ತದೆ. ಅಪ್ಪನದರಲ್ಲಿ ಆ ಹೊಳಪು ಬಹಳ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಉಳಿದಿರುವುದು ಗಡ್ಡೆಯೋ ವಿಕಿರಣದ ಉರಿಯೂತವೋ ಎಂದು ಸ್ಕ್ಯಾನ್ ಬೇರ್ಪಡಿಸಿ ಹೇಳಲಾರದು. ಶಸ್ತ್ರವೈದ್ಯರು ಇದನ್ನೆಲ್ಲ ಅಪ್ಪನ ಮುಖ ನೋಡಿಯೇ ಹೇಳಿದರು. ಆಮೇಲೆ ಕಾಗದ ಎಳೆದುಕೊಂಡು ಚಿತ್ರ ಬರೆದರು: ಎದೆ, ಹೊಟ್ಟೆ, ಕುತ್ತಿಗೆ ಮೂರು ಕಡೆ ಕೆಲಸ, ಅನ್ನನಾಳದ ಬಹುಭಾಗವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುವುದು, ಜಠರವನ್ನೇ ಉದ್ದನೆಯ ಕೊಳವೆಯಾಗಿ ಹೊಲಿದು ಮೇಲಕ್ಕೆಳೆದು ಕುತ್ತಿಗೆಯಲ್ಲಿ ಜೋಡಿಸುವುದು. ಜೋಡಿಸಿದ ಜಾಗ ಸೋರುವುದು, ನ್ಯುಮೋನಿಯಾ, ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗಿ ದನಿ ಗೊಗ್ಗರಾಗುವುದು, ಇವು ಮುಖ್ಯ ಅಪಾಯಗಳು. ಆಮೇಲೆ ದಿನಕ್ಕೆ ಆರೇಳು ಬಾರಿ ಸ್ವಲ್ಪಸ್ವಲ್ಪವೇ ತಿನ್ನಬೇಕು, ತಲೆ ಎತ್ತರಿಸಿಯೇ ಮಲಗಬೇಕು.

ಅಪ್ಪ ಚಿತ್ರವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಜೋಡಣೆಯ ಜಾಗದ ಮೇಲೆ ಬೆರಳಿಟ್ಟು, ಇದು ಎಷ್ಟು ಅಗಲ ಇರುತ್ತದೆ ಎಂದು ಕೇಳಿದರು. ಆಮೇಲೆ ಮುದ್ದೆ ಉಣ್ಣಬಹುದೇ ಎಂದರು. ವೈದ್ಯರೂ ಮಂಡ್ಯದ ಕಡೆಯವರು, ನಗಲಿಲ್ಲ. ಮೊದಲ ಕೆಲವು ತಿಂಗಳು ಆಗುವುದಿಲ್ಲ, ಆಮೇಲೆ ತೀರಾ ಮೆತ್ತಗೆ ಮಾಡಿ, ಸಾರಿನಲ್ಲಿ ಕಿವುಚಿಕೊಂಡು, ಸಣ್ಣ ತುತ್ತು ಮಾಡಿ ಚೆನ್ನಾಗಿ ಅಗಿದು ತಿಂದರೆ ನೋಡೋಣ ಎಂದರು.

“ಮುದ್ದೆ ಅಗಿಯೋದಾ?” ಎಂದು ಅಪ್ಪ ನನ್ನ ಕಡೆ ತಿರುಗಿದರು. ಶಸ್ತ್ರಚಿಕಿತ್ಸೆಯ ಅಷ್ಟೂ ವಿವರಗಳನ್ನು ತಣ್ಣಗೆ ಕೇಳಿದವರ ಮುಖದಲ್ಲಿ ಮೊದಲ ಸಲ ನಿಜವಾದ ಕಳವಳ ಕಂಡಿತು. ಹೊರಗೆ ಬಂದ ಮೇಲೆ, “ಊರ ಕಡೆ ಯಾರಿಗೂ ಹೇಳ್ಬೇಡ” ಎಂದರು. ಕ್ಯಾನ್ಸರಿನ ವಿಷಯವನ್ನು ಅವರೇ ಊರಿಗೆಲ್ಲ ಫೋನು ಮಾಡಿ ಹೇಳಿ ಎಷ್ಟೋ ದಿನವಾಗಿತ್ತು.

ಬರುವ ಬುಧವಾರ ದಾಖಲಾತಿ, ಗುರುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಆರರಿಂದ ಎಂಟು ಗಂಟೆ ಹಿಡಿಯಬಹುದು ಎಂದಿದ್ದಾರೆ. ತಮ್ಮ ಮಂಗಳವಾರ ಬರುತ್ತಾನೆ. ರಕ್ತ ಕೊಡಲು ಚಿಕ್ಕಪ್ಪನ ಮಕ್ಕಳಿಬ್ಬರು ಒಪ್ಪಿದ್ದಾರೆ. ಅಪ್ಪ ಬೆಳಿಗ್ಗೆ ಸಂಜೆ ಮಲ್ಲತ್ತಹಳ್ಳಿ ಕೆರೆಯ ದಾರಿಯಲ್ಲಿ ಅರ್ಧರ್ಧ ಗಂಟೆ ನಡೆಯುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಕಫ ಕಟ್ಟದಿರಲು ಶ್ವಾಸಕೋಶಕ್ಕೆ ಈಗಿನಿಂದಲೇ ಕಸರತ್ತು ಬೇಕು. ಮೂರು ಗಾಜುಗೂಡುಗಳಂಥ ಪ್ಲಾಸ್ಟಿಕ್ ಯಂತ್ರವೊಂದನ್ನು ಕೊಟ್ಟಿದ್ದಾರೆ, ಒಂದೊಂದರಲ್ಲಿ ಒಂದೊಂದು ಬಣ್ಣದ ಚೆಂಡು, ಮೇಲೆ 600, 900, 1200 ಎಂದು ಬರೆದಿದೆ. ಕೊಳವೆ ಬಾಯಲ್ಲಿಟ್ಟು ಉಸಿರು ಒಳಗೆಳೆದರೆ ಚೆಂಡುಗಳು ಏರಬೇಕು. ಮೊದಲ ದಿನ ಒಂದು ಏರಿತು. ಈಗ ಎರಡು ಏರಿ ನಿಲ್ಲುತ್ತವೆ, ಮೂರನೆಯದು ತಳದಲ್ಲಿಯೇ ನಡುಗಿ ಸುಮ್ಮನಾಗುತ್ತದೆ. ಅದು ಎಷ್ಟು ಸೆಕೆಂಡು ನಡುಗಿತು ಎಂಬುದನ್ನು ಅಪ್ಪ ಅದೇ ಬೈಂಡು ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಒಪ್ಪಿಗೆ ಪತ್ರವನ್ನು ಮನೆಗೆ ತಂದುಕೊಟ್ಟಿದ್ದೆ. ಎರಡು ದಿನ ಓದಿ, ತಿಳಿಯದ ನಾಲ್ಕು ಪದಗಳ ಕೆಳಗೆ ಗೆರೆ ಎಳೆದು ಇಟ್ಟಿದ್ದಾರೆ, ಬುಧವಾರ ಕೇಳಬೇಕಂತೆ.

ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ವಾರ ಹೊಟ್ಟೆಯ ಪಕ್ಕದಿಂದ ಸಣ್ಣ ಕರುಳಿಗೆ ಹಾಕುವ ಇನ್ನೊಂದು ಕೊಳವೆಯ ಮೂಲಕ ಆಹಾರ ಕೊಡಬೇಕಾಗುತ್ತದೆ. ಅದಕ್ಕೆ ಮನೆಯ ಗಂಜಿ ಆಗುತ್ತದೆಯೇ, ಡಬ್ಬಿಯ ಪುಡಿಯೇ ಬೇಕೇ ಎಂಬುದನ್ನು ಪಥ್ಯ ತಜ್ಞೆ ಆಮೇಲೆ ಹೇಳುತ್ತಾರೆ. ಅಮ್ಮ ಕಾಯುವವಳಲ್ಲ. ಸಂಜೆ ನಾನು ಕಚೇರಿಯಿಂದ ಬಂದಾಗ ಎರಡು ಸೇರು ರಾಗಿ ನೆನೆಹಾಕಿದ್ದಳು. ಅಪ್ಪ ಪಾತ್ರೆಯ ಪಕ್ಕದಲ್ಲಿ ಕುಳಿತು, ಜೋಮು ಹಿಡಿದ ಬೆರಳುಗಳಿಂದ ನೀರಿನಲ್ಲಿ ತೇಲುವ ಜೊಳ್ಳನ್ನು ತೆಗೆಯುತ್ತಿದ್ದರು. ನಾಳೆ ಬೆಳಿಗ್ಗೆ ಅದನ್ನು ಬಸಿದು ಬಟ್ಟೆಯಲ್ಲಿ ಕಟ್ಟಬೇಕು.